ನೀರಿನ ಜಾಡು ಹಿಡಿಯುವ ನ್ಯೂಟ್ರಾನ್

ಬೆಂಗಳೂರಿನ ಹಳೆಯ ಪೇಟೆಯಲ್ಲಿ, ಚಿಕ್ಕಪೇಟೆಯ ಮಗ್ಗುಲಿನ ಮಾಮೂಲ್‌ಪೇಟೆಯ ಸಗಟು ಅಂಗಡಿಗಳಿಂದ ಕಾಲ್ನಡಿಗೆಯ ದೂರದಲ್ಲಿ ವಿಕ್ಟೋರಿಯಾ ಆಸ್ಪತ್ರೆ ಇದೆ. ಮೂಟೆ ಹೊರುವಾಗ ಬಿದ್ದು ಕೈ ಮುರಿದುಕೊಂಡ ಹಮಾಲಿಯೂ ಅಲ್ಲಿ ಎಕ್ಸ್‌ರೇ ಚಿತ್ರವನ್ನು ನೋಡಿ ಅರ್ಥ ಮಾಡಿಕೊಳ್ಳುತ್ತಾನೆ. ಮೂಳೆ ಬೆಳ್ಳಗೆ, ಮಾಂಸ ಮಸುಕು, ಒಳಗೊಂದು ಲೋಹದ ಸ್ಕ್ರೂ ಇದ್ದರೆ ಅದು ಅಚ್ಚಬಿಳಿ. ನೂರಿಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ನಮ್ಮ ಕಣ್ಣು ಇದಕ್ಕೆ ಪಳಗಿದೆ. ಆದರೆ ಇದಕ್ಕೆ ಹೆಚ್ಚುಕಡಿಮೆ ತದ್ವಿರುದ್ಧವಾಗಿ ನೋಡುವ ಕಿರಣವೊಂದಿದೆ. ಅದಕ್ಕೆ ಸೀಸ ಅಡ್ಡಿಯಲ್ಲ, ಅಲ್ಯೂಮಿನಿಯಂ ಇದ್ದೂ ಇಲ್ಲದಂತೆ. ಒಂದು ತೊಟ್ಟು ನೀರು ಮಾತ್ರ ಅದರ ಮುಂದೆ ದಟ್ಟ ನೆರಳು ಬೀರುತ್ತದೆ. ಅದೇ ನ್ಯೂಟ್ರಾನ್ ಕಿರಣ. ಬೇರು, ಎಲೆ, ಕಾಂಡ, ಮೂಳೆ, ಅಂಗಾಂಶಗಳ ಒಳಗೆ ನೀರು ಎಲ್ಲಿದೆ, ಎತ್ತ ಹರಿಯುತ್ತಿದೆ ಎಂಬುದನ್ನು ಕೊಯ್ಯದೆ, ಕೀಳದೆ ತೋರಿಸಬಲ್ಲ ವಿಧಾನಗಳು ಬಹಳ ಇಲ್ಲ. ಅವುಗಳಲ್ಲಿ ನ್ಯೂಟ್ರಾನ್ ಚಿತ್ರಣಕ್ಕೆ ತನ್ನದೇ ಆದ ಜಾಗವಿದೆ.

ಎಕ್ಸ್‌ರೇಗೆ ಕಾಣದ್ದು ನ್ಯೂಟ್ರಾನ್‌ಗೆ ಯಾಕೆ ಕಾಣುತ್ತದೆ?

ಎಕ್ಸ್‌ರೇ ತಾಗುವುದು ಪರಮಾಣುವಿನ ಎಲೆಕ್ಟ್ರಾನ್‌ಗಳಿಗೆ. ಎಲೆಕ್ಟ್ರಾನ್ ಹೆಚ್ಚಿದ್ದಷ್ಟೂ ತಡೆ ಹೆಚ್ಚು. ಸೀಸದಲ್ಲಿ 82 ಎಲೆಕ್ಟ್ರಾನ್‌ಗಳಿವೆ, ಕ್ಯಾಲ್ಸಿಯಂನಲ್ಲಿ 20, ಆಮ್ಲಜನಕದಲ್ಲಿ 8, ಜಲಜನಕದಲ್ಲಿ ಒಂದೇ ಒಂದು. ಹಾಗಾಗಿ ಕ್ಯಾಲ್ಸಿಯಂ ತುಂಬಿದ ಮೂಳೆ ಎದ್ದು ಕಾಣುತ್ತದೆ, ಜಲಜನಕ ಎಣಿಕೆಗೇ ಸಿಗುವುದಿಲ್ಲ. ಜೀವಿಯ ದೇಹದಲ್ಲಿ ಸಂಖ್ಯೆಯ ಲೆಕ್ಕದಲ್ಲಿ ಅತಿ ಹೆಚ್ಚಿರುವ ಪರಮಾಣು ಜಲಜನಕವೇ ಎಂಬುದನ್ನು ನೆನೆದರೆ ಇದು ಸಣ್ಣ ಕೊರತೆಯಲ್ಲ.

ನ್ಯೂಟ್ರಾನ್‌ಗೆ ವಿದ್ಯುದಾವೇಶವಿಲ್ಲ. ಎಲೆಕ್ಟ್ರಾನ್‌ಗಳ ಮೋಡವನ್ನು ಅದು ಗಮನಿಸದೆ ದಾಟಿ ಪರಮಾಣುವಿನ ನಡುವಿನ ಬೀಜವನ್ನೇ ಮುಟ್ಟುತ್ತದೆ. ಬೀಜ ಎಷ್ಟು ಭಾರ ಎಂಬುದಕ್ಕೂ ನ್ಯೂಟ್ರಾನನ್ನು ಅದು ಎಷ್ಟು ಚದುರಿಸುತ್ತದೆ ಎಂಬುದಕ್ಕೂ ಸರಳ ಸಂಬಂಧವಿಲ್ಲ. ಚದುರಿಸುವ ಶಕ್ತಿಯನ್ನು ಅಳೆಯಲು ಭೌತವಿಜ್ಞಾನಿಗಳು ಬಳಸುವ ಮಾನ ‘ಬಾರ್ನ್’. ಆ ಮಾನದಲ್ಲಿ ಸಾಮಾನ್ಯ ಜಲಜನಕ ಸುಮಾರು 82, ಸೀಸ ಸುಮಾರು 11, ಇಂಗಾಲ ಐದೂವರೆ, ಅಲ್ಯೂಮಿನಿಯಂ ಒಂದೂವರೆ. ಎಲ್ಲಕ್ಕಿಂತ ಹಗುರವಾದ ಪರಮಾಣು ಇವರೆಲ್ಲರನ್ನೂ ಮೀರಿಸಿ ನಿಲ್ಲುತ್ತದೆ. ಒಂದು ಸೆಂಟಿಮೀಟರ್ ದಪ್ಪದ ಸೀಸದ ತಗಡು ತಡೆಯುವಷ್ಟು ನ್ಯೂಟ್ರಾನ್‌ಗಳನ್ನು ಸುಮಾರು ಒಂದು ಮಿಲಿಮೀಟರ್ ನೀರು ತಡೆಯುತ್ತದೆ. ಸೀಸದ ಪಾತ್ರೆಯೊಳಗೆ ಹೂವಿಟ್ಟು ತೆಗೆದ ನ್ಯೂಟ್ರಾನ್ ಚಿತ್ರಗಳಲ್ಲಿ ಪಾತ್ರೆ ತೆಳು ನೆರಳಾಗಿ ಹಿಂದೆ ಸರಿದು, ಹೂವಿನ ದಳ, ತೊಟ್ಟುಗಳು ಸ್ಪಷ್ಟವಾಗಿ ಮೂಡಿರುತ್ತವೆ.

ಭಾರಜಲದ ಉಪಕಾರ

ಜಲಜನಕಕ್ಕೆ ಡ್ಯುಟೀರಿಯಂ ಎಂಬ ಅವಳಿಯಿದೆ. ರಾಸಾಯನಿಕವಾಗಿ ಎರಡೂ ಬಹುತೇಕ ಒಂದೇ. ಡ್ಯುಟೀರಿಯಂನ ಬೀಜದಲ್ಲಿ ಒಂದು ನ್ಯೂಟ್ರಾನ್ ಹೆಚ್ಚಿಗೆ ಇರುವುದರಿಂದ ಅದರ ತೂಕ ಎರಡರಷ್ಟು. ಎಕ್ಸ್‌ರೇಗೆ ಇಬ್ಬರಲ್ಲಿ ವ್ಯತ್ಯಾಸವೇ ಕಾಣದು. ನ್ಯೂಟ್ರಾನ್‌ಗಾದರೆ ಅಜಗಜಾಂತರ: ಸಾಮಾನ್ಯ ಜಲಜನಕದ 82 ಬಾರ್ನ್ ಎಲ್ಲಿ, ಡ್ಯುಟೀರಿಯಂನ ಏಳೂವರೆ ಎಲ್ಲಿ!

ಜೀವವಿಜ್ಞಾನಿಗಳು ಹಿಡಿದುಕೊಂಡದ್ದು ಇದನ್ನೇ. ಡ್ಯುಟೀರಿಯಂ ಇರುವ ನೀರು, ಅಂದರೆ ಭಾರಜಲ, ನ್ಯೂಟ್ರಾನ್ ಚಿತ್ರದಲ್ಲಿ ಬಹಳ ಮಟ್ಟಿಗೆ ಪಾರದರ್ಶಕ. ಗಿಡದ ಬೇರಿನ ಒಂದು ಬದಿಗೆ ಸ್ವಲ್ಪ ಭಾರಜಲವನ್ನು ಚುಚ್ಚಿ, ಚಿತ್ರದಲ್ಲಿ ಕಪ್ಪು ತಿಳಿಯಾಗುತ್ತಾ ಹೋಗುವ ದಾರಿಯನ್ನು ಗಮನಿಸಿದರೆ ಬೇರು ನೀರನ್ನು ಎಲ್ಲಿಂದ, ಯಾವ ವೇಗದಲ್ಲಿ ಹೀರುತ್ತಿದೆ ಎಂದು ಲೆಕ್ಕ ಹಾಕಬಹುದು. ಬಣ್ಣ ಬೆರೆಸಬೇಕಿಲ್ಲ, ವಿಕಿರಣಶೀಲ ವಸ್ತುವೂ ಬೇಕಿಲ್ಲ, ಏಕೆಂದರೆ ಡ್ಯುಟೀರಿಯಂ ವಿಕಿರಣಶೀಲವಲ್ಲ. ಅಲ್ಪ ಪ್ರಮಾಣದ ಭಾರಜಲವನ್ನು ಗಿಡ ನೀರೆಂದೇ ಕುಡಿಯುತ್ತದೆ. ಹೆಚ್ಚಾದರೆ ಬೆಳವಣಿಗೆ ಕುಂಠಿತವಾಗುವುದರಿಂದ ಪ್ರಮಾಣದ ಮೇಲೆ ಹಿಡಿತ ಬೇಕು.

ಭಾರಜಲದ ಹೆಸರು ಕನ್ನಡನಾಡಿಗೆ ಹೊಸದಲ್ಲ. ಉತ್ತರ ಕನ್ನಡದ ಕೈಗಾದಲ್ಲಿರುವ 220 ಮೆಗಾವಾಟ್‌ನ ನಾಲ್ಕು ಘಟಕಗಳೂ ಭಾರಜಲದ ರಿಯಾಕ್ಟರ್‌ಗಳೇ. ಅಲ್ಲಿನ ಒಂದನೆಯ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಬರೆದಿತ್ತು. ಆದರೆ ಕೈಗಾ ಇರುವುದು ವಿದ್ಯುತ್ತಿಗಾಗಿ. ಚಿತ್ರ ತೆಗೆಯಲು ಬೇಕಾದ ಕಿರಣವನ್ನು ಹೊರಗೆ ಬಿಡುವ ಸಂಶೋಧನಾ ರಿಯಾಕ್ಟರ್‌ನ ರಚನೆಯೇ ಬೇರೆ.

ಚಿತ್ರ ತೆಗೆಯುವ ಬಗೆ

ಜೇಮ್ಸ್ ಚಾಡ್ವಿಕ್ ಕೇಂಬ್ರಿಡ್ಜ್‌ನಲ್ಲಿ ನ್ಯೂಟ್ರಾನನ್ನು ಗುರುತಿಸಿದ್ದು 1932ರಲ್ಲಿ. ಕೆಲವೇ ವರ್ಷಗಳಲ್ಲಿ ಬರ್ಲಿನ್‌ನ ಹಾರ್ಟ್‌ಮಟ್ ಕಾಲ್‌ಮನ್ ಮತ್ತು ಅರ್ನ್‌ಸ್ಟ್ ಕುಹ್ನ್ ಅದರಿಂದ ಚಿತ್ರ ತೆಗೆಯಲು ಹೊರಟರು. ಅವರಿಗಿದ್ದ ಮೂಲ ದುರ್ಬಲ, ಚಿತ್ರಗಳು ಮಸುಕು. ಎರಡನೆಯ ಮಹಾಯುದ್ಧದ ನಂತರ ರಿಯಾಕ್ಟರ್‌ಗಳು ಬಂದ ಮೇಲೆಯೇ ಈ ಕಲೆ ಕುದುರಿತು.

ರಿಯಾಕ್ಟರ್‌ನೊಳಗೆ ಯುರೇನಿಯಂ ಸೀಳಿದಾಗ ಸಿಡಿಯುವ ನ್ಯೂಟ್ರಾನ್‌ಗಳ ವೇಗ ವಿಪರೀತ. ನೀರು, ಭಾರಜಲ ಅಥವಾ ಗ್ರಾಫೈಟ್‌ನ ಪರಮಾಣುಗಳಿಗೆ ಬಡಿದು ಬಡಿದು ಅವು ನಿಧಾನವಾಗುತ್ತವೆ. ಸೆಕೆಂಡಿಗೆ ಸುಮಾರು 2.2 ಕಿಲೋಮೀಟರ್ ವೇಗಕ್ಕಿಳಿದ ಇಂಥವನ್ನು ಉಷ್ಣ ನ್ಯೂಟ್ರಾನ್ ಎನ್ನುತ್ತಾರೆ. ಉದ್ದನೆಯ ಕೊಳವೆಯ ಮೂಲಕ ಹೊರಬರುವ ಈ ಕಿರಣದ ದಾರಿಯಲ್ಲಿ ಮಾದರಿಯನ್ನು ಇಡುತ್ತಾರೆ. ಹಿಂದೆ ಲಿಥಿಯಂ ಮತ್ತು ಸತುವಿನ ಸಲ್ಫೈಡ್ ಬಳಿದ ತೆಳು ಪರದೆ ಇರುತ್ತದೆ. ಲಿಥಿಯಂ ನ್ಯೂಟ್ರಾನನ್ನು ನುಂಗಿದಾಗ ಹೊರಡುವ ಕಣಗಳಿಂದ ಸತುವಿನ ಸಲ್ಫೈಡ್ ಮಿನುಗುತ್ತದೆ. ಆ ಮಿನುಗನ್ನು ಓರೆಯಾಗಿಟ್ಟ ಕನ್ನಡಿಯೊಂದು ಪಕ್ಕಕ್ಕೆ ತಿರುಗಿಸುತ್ತದೆ, ಅಲ್ಲಿ ಕ್ಯಾಮೆರಾ ಕಾಯುತ್ತಿರುತ್ತದೆ. ಕ್ಯಾಮೆರಾವನ್ನು ಕಿರಣದ ನೇರಕ್ಕೆ ಇಟ್ಟರೆ ಅದು ಬೇಗ ಹಾಳಾಗುತ್ತದೆ, ಅದಕ್ಕೇ ಕನ್ನಡಿ. ಮಾದರಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನೂರಾರು ಚಿತ್ರ ತೆಗೆದು ಕಂಪ್ಯೂಟರಿಗೆ ಕೊಟ್ಟರೆ ಮೂರು ಆಯಾಮದ ಟೋಮೋಗ್ರಾಫ್ ಸಿದ್ಧ. ಸಿ.ಟಿ. ಸ್ಕ್ಯಾನ್‌ನ ಲೆಕ್ಕಾಚಾರವೂ ಇದೇ.

ಒಂದು ಟೋಮೋಗ್ರಾಫ್‌ಗೆ ಮೊದಲೆಲ್ಲ ಗಂಟೆಗಟ್ಟಲೆ ಹಿಡಿಯುತ್ತಿತ್ತು. 2017ರಲ್ಲಿ ಬರ್ಲಿನ್‌ನ ತಂಡವೊಂದು ಮಣ್ಣಿನಲ್ಲಿ ಬೆಳೆದ, ದ್ವಿದಳ ಜಾತಿಯ ಲೂಪಿನ್ ಗಿಡದ ಬೇರುಗಳನ್ನು 10 ಸೆಕೆಂಡುಗಳಲ್ಲಿ ಪೂರ್ತಿ ಮೂರು ಆಯಾಮದಲ್ಲಿ ಹಿಡಿಯಿತು. 2019ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅದು ಒಂದೂವರೆ ಸೆಕೆಂಡಿಗೆ ಇಳಿಯಿತು. ನೀರು ಮಣ್ಣಿನಲ್ಲಿ ಮೇಲೇರುವುದನ್ನು ಚಲನಚಿತ್ರದಂತೆ ನೋಡಲು ಇಷ್ಟು ವೇಗ ಬೇಕೇ ಬೇಕು.

ಬೇರು, ಮಣ್ಣು, ನೀರು

ಜೀವಿಗಳ ಅಧ್ಯಯನದಲ್ಲಿ ನ್ಯೂಟ್ರಾನ್ ಚಿತ್ರಣ ಅತ್ಯಂತ ಫಲ ಕೊಟ್ಟಿರುವುದು ಇಲ್ಲಿ ಎಂದು ನನ್ನ ಎಣಿಕೆ. ಬೇರನ್ನು ನೋಡಬೇಕೆಂದರೆ ಕೀಳಬೇಕು. ಕಿತ್ತ ಕ್ಷಣಕ್ಕೇ ಅದರ ಸುತ್ತಲ ಮಣ್ಣು, ತೇವ, ನವಿರಾದ ಕೂದಲು ಬೇರುಗಳ ಸಂಬಂಧವೆಲ್ಲ ಹರಿದುಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಬೆಳೆಸಿದರೆ ಗಾಜಿಗೆ ಅಂಟಿದ ಬೇರುಗಳಷ್ಟೇ ಕಾಣುತ್ತವೆ. ಎಕ್ಸ್‌ರೇ ಸಿ.ಟಿ.ಯಲ್ಲಿ ಮಣ್ಣಿನ ಕಣಗಳು ಚೆನ್ನಾಗಿ ಕಾಣುತ್ತವೆ. ತೇವದ ಸೂಕ್ಷ್ಮ ಏರಿಳಿತಗಳು ಕಾಣುವುದು ಕಷ್ಟ. ನ್ಯೂಟ್ರಾನ್‌ಗೆ ಮರಳಿನ ಸಿಲಿಕಾನ್, ಆಮ್ಲಜನಕಗಳು ಹೆಚ್ಚು ಅಡ್ಡಿ ಮಾಡುವುದಿಲ್ಲ, ತೆಳು ಅಲ್ಯೂಮಿನಿಯಂ ಪೆಟ್ಟಿಗೆಯಂತೂ ಲೆಕ್ಕಕ್ಕೇ ಇಲ್ಲ. ಉಳಿಯುವುದು ನೀರು ತುಂಬಿದ ಬೇರು ಮತ್ತು ಅದರ ಸುತ್ತಲ ತೇವ.

ಮಣ್ಣಿನಲ್ಲಿ ಬೆಳೆಯುತ್ತಿರುವ ಬೇರುಗಳ ನ್ಯೂಟ್ರಾನ್ ಚಿತ್ರಗಳು 1970ರ ದಶಕದ ಕೊನೆಯ ಹೊತ್ತಿಗೆ ಪ್ರಕಟವಾಗತೊಡಗಿದವು. ಮುಂದೆ ಜಪಾನಿನ ಟೊಮೊಕೊ ನಕಾನಿಶಿ ಸೋಯಾ, ಕಾರ್ನೇಷನ್, ಗುಲಾಬಿ ಮುಂತಾದವುಗಳಲ್ಲಿ ನೀರಿನ ಹಂಚಿಕೆಯನ್ನು ವರ್ಷಗಟ್ಟಲೆ ಚಿತ್ರಿಸಿದರು. ಅವರ ತಂಡ ಬರ ತಾಳುವ ಅಲಸಂದೆ ಗಿಡವನ್ನು ಒಣಗಲು ಬಿಟ್ಟು ನೋಡಿದಾಗ, ಕಾಂಡದ ಕೆಳಗಿನ ಒಂದು ಭಾಗ ನೀರನ್ನು ಕೂಡಿಟ್ಟುಕೊಳ್ಳುವುದು ಚಿತ್ರದಲ್ಲೇ ಕಂಡಿತು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅಲಸಂದೆ ಮಳೆ ತಪ್ಪಿದರೂ ತಡೆದುಕೊಳ್ಳುವುದನ್ನು ರೈತರು ಬಲ್ಲರು. ಆ ತಾಳಿಕೆಯ ಒಂದು ಕಾರಣ ಗಿಡವನ್ನು ಕೊಯ್ಯದೆ ಕಾಣಸಿಕ್ಕಿದ್ದು ಈ ಕಿರಣದಿಂದ.

ಇನ್ನೊಂದು ಶೋಧ ಇದಕ್ಕಿಂತಲೂ ಸ್ವಾರಸ್ಯಕರ. ಬೇರು ನೀರು ಹೀರುವುದರಿಂದ ಬೇರಿಗೆ ಅಂಟಿದ ಮಣ್ಣು ಉಳಿದ ಮಣ್ಣಿಗಿಂತ ಬೇಗ ಒಣಗಬೇಕು ಎಂದು ಬಹುಕಾಲದಿಂದ ನಂಬಲಾಗಿತ್ತು. ಪಠ್ಯಗಳ ಸಮೀಕರಣಗಳೂ ಹಾಗೇ ಹೇಳುತ್ತಿದ್ದವು. 2011ರಲ್ಲಿ ಪ್ರಕಟವಾದ ಮೊರಾದಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಕಡಲೆ, ಬಿಳಿ ಲೂಪಿನ್ ಮತ್ತು ಮೆಕ್ಕೆಜೋಳದ ಬೇರುಗಳನ್ನು ನ್ಯೂಟ್ರಾನ್ ಟೋಮೋಗ್ರಫಿಯಲ್ಲಿ ನೋಡಿದರು. ಮಣ್ಣು ಒಣಗುತ್ತಾ ಹೋದಂತೆ ಬೇರಿನ ಸುತ್ತಲ ತೆಳು ಪದರದಲ್ಲಿ ನೀರು ಹೆಚ್ಚಾಗಿಯೇ ಉಳಿದಿತ್ತು. ಬೇರು ಸ್ರವಿಸುವ ಲೋಳೆ ಆ ತೇವವನ್ನು ಹಿಡಿದಿಡುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಇದಕ್ಕೊಂದು ಮರುಮುಖವೂ ಇದೆ. ಲೂಪಿನ್ ಗಿಡದ ಮಣ್ಣು ಪೂರ್ತಿ ಒಣಗಿದ ಮೇಲೆ ಮತ್ತೆ ನೀರುಣಿಸಿದಾಗ ಬೇರಿನ ಸುತ್ತಲ ಪದರ ತಕ್ಷಣ ಒದ್ದೆಯಾಗಲಿಲ್ಲ. ಒಣಗಿದ ಲೋಳೆ ಕೆಲಕಾಲ ನೀರನ್ನು ದೂರವಿಟ್ಟಿತು. ಮೊದಲ ಮಳೆ ಬಿದ್ದರೂ ಬೆಳೆ ಕೂಡಲೇ ಚೇತರಿಸಿಕೊಳ್ಳದಿರುವುದನ್ನು ಕಂಡವರು ಈ ಚಿತ್ರಗಳನ್ನು ಆಸಕ್ತಿಯಿಂದ ನೋಡಿಯಾರು.

ಭಾರಜಲ ಬಳಸಿ 2013ರಲ್ಲಿ ಲೂಪಿನ್ ಮೇಲೆ ನಡೆಸಿದ ಅಧ್ಯಯನ ಇನ್ನೊಂದು ಸಂಗತಿಯನ್ನು ಬಿಡಿಸಿತು. ತಾಯಿಬೇರು ದಪ್ಪಗಿದ್ದು ಎದ್ದು ಕಂಡರೂ ನೀರನ್ನು ಹೆಚ್ಚಾಗಿ ಹೀರುವುದು ಅದರಿಂದ ಕವಲೊಡೆದ ಸಣ್ಣ ಪಕ್ಕದ ಬೇರುಗಳು. ಬರ ತಾಳುವ ತಳಿಯನ್ನು ಆರಿಸುವವರು ಬೇರಿನ ಉದ್ದವನ್ನಷ್ಟೇ ಅಳೆದರೆ ಸಾಲದು, ಕವಲುಗಳು ಎಲ್ಲಿವೆ ಎಂಬುದನ್ನೂ ನೋಡಬೇಕು ಎಂಬುದು ಇದರ ತಾತ್ಪರ್ಯ.

ಮೂಳೆ, ಅಂಗಾಂಶ, ಪಳೆಯುಳಿಕೆ

ಮನುಷ್ಯನಿಗೆ ನ್ಯೂಟ್ರಾನ್ ಸ್ಕ್ಯಾನ್ ಮಾಡಿಸುವ ಪ್ರಶ್ನೆಯೇ ಬರುವುದಿಲ್ಲ. ನಮ್ಮ ದೇಹದ ತುಂಬ ನೀರಿರುವುದರಿಂದ ಉಷ್ಣ ನ್ಯೂಟ್ರಾನ್ ಒಂದೆರಡು ಸೆಂಟಿಮೀಟರ್ ಒಳಗೆ ಹೋಗುವಷ್ಟರಲ್ಲಿ ಚದುರಿಹೋಗುತ್ತದೆ, ವಿಕಿರಣದ ಅಪಾಯ ಬೇರೆ. ಆದರೆ ತೆಗೆದಿರಿಸಿದ ಸಣ್ಣ ಮಾದರಿಗಳ ಮಾತು ಬೇರೆ. ಟೈಟಾನಿಯಂ ಅಥವಾ ಉಕ್ಕಿನ ತಿರುಪು ಕೂರಿಸಿದ ಮೂಳೆಯನ್ನು ಎಕ್ಸ್‌ರೇ ಸಿ.ಟಿ.ಯಲ್ಲಿ ನೋಡಿದರೆ ಲೋಹದ ಸುತ್ತ ಬಿಳಿ ಗೆರೆಗಳು ಹರಡಿ, ಮುಖ್ಯವಾಗಿ ನೋಡಬೇಕಾದ ಅಂಚೇ ಮುಚ್ಚಿಹೋಗುತ್ತದೆ. ನ್ಯೂಟ್ರಾನ್‌ಗೆ ಆ ಲೋಹ ತೊಂದರೆ ಕೊಡದು, ಹೊಸ ಮೂಳೆ ತಿರುಪಿಗೆ ಎಷ್ಟು ಅಂಟಿದೆ ಎಂಬುದು ಕಾಣುತ್ತದೆ. ಸ್ವೀಡನ್ನಿನ ಲುಂಡ್‌ನ ಸಂಶೋಧಕರು ಪ್ರಾಣಿಗಳ ಮೂಳೆಯಲ್ಲಿ ಹೀಗೆ ಎರಡೂ ಬಗೆಯ ಚಿತ್ರಗಳನ್ನು ಹೋಲಿಸಿದ್ದಾರೆ. ಅಮೆರಿಕದ ಓಕ್ ರಿಡ್ಜ್‌ನಲ್ಲಿ ಪ್ರಾಣಿಗಳ ಅಂಗಾಂಶಗಳನ್ನು, ಆಸ್ಟ್ರೇಲಿಯಾ ಮತ್ತು ಜರ್ಮನಿಗಳಲ್ಲಿ ಕಬ್ಬಿಣಾಂಶ ತುಂಬಿದ ಕಲ್ಲಿನೊಳಗಿನ ಪಳೆಯುಳಿಕೆಗಳನ್ನು ಇದೇ ರೀತಿ ಪರಿಶೀಲಿಸಲಾಗಿದೆ.

ಅಣುವಿನ ಮಟ್ಟಕ್ಕೆ ಇಳಿದಾಗ

ಚಿತ್ರಣದ ಸ್ಪಷ್ಟತೆ ಸಾಮಾನ್ಯವಾಗಿ ಐವತ್ತು–ನೂರು ಮೈಕ್ರಾನ್, ಉತ್ತಮ ಕೇಂದ್ರಗಳಲ್ಲಿ ಕೆಲವೇ ಮೈಕ್ರಾನ್. ಜೀವಕೋಶದೊಳಗೆ ಇಣುಕಲು ಅದು ಸಾಲದು. ಅಲ್ಲಿಂದ ಕೆಳಗಿಳಿಯಬೇಕಾದರೆ ನೇರ ಚಿತ್ರವನ್ನು ಬಿಟ್ಟು, ನ್ಯೂಟ್ರಾನ್‌ಗಳು ಯಾವ ಕೋನಕ್ಕೆ ಎಷ್ಟು ಚದುರಿದವು ಎಂಬುದನ್ನು ಅಳೆದು, ಅದರಿಂದ ಅಣುವಿನ ಆಕಾರವನ್ನು ಲೆಕ್ಕದಲ್ಲಿ ಮರಳಿ ಕಟ್ಟಬೇಕು. ಚಿತ್ರಣ ಮತ್ತು ಚದುರಿಕೆ ಒಂದೇ ಕಿರಣದ ಎರಡು ಬಳಕೆಗಳು.

ಗಾಜಿನ ಕಡ್ಡಿಯನ್ನು ಗ್ಲಿಸರಿನ್‌ನಲ್ಲಿ ಮುಳುಗಿಸಿದರೆ ಅದು ಹೆಚ್ಚುಕಡಿಮೆ ಕಣ್ಮರೆಯಾಗುವುದನ್ನು ಶಾಲೆಯ ಪ್ರಯೋಗಾಲಯದಲ್ಲಿ ನೋಡಿರುತ್ತೇವೆ. ನ್ಯೂಟ್ರಾನ್ ಚದುರಿಕೆಯಲ್ಲೂ ಹಾಗೆಯೇ. ನೀರಿಗೆ ಸುಮಾರು ಶೇಕಡಾ 42ರಷ್ಟು ಭಾರಜಲ ಬೆರೆಸಿದರೆ ಪ್ರೋಟೀನ್ ಕಣ್ಮರೆಯಾಗುತ್ತದೆ, ಸುಮಾರು ಶೇಕಡಾ 65ರಷ್ಟು ಬೆರೆಸಿದರೆ ಡಿಎನ್‌ಎ. ಎರಡೂ ಸೇರಿಕೊಂಡ ಸಂಕೀರ್ಣದಲ್ಲಿ ಒಂದನ್ನು ಅಡಗಿಸಿ ಇನ್ನೊಂದನ್ನಷ್ಟೇ ನೋಡುವ ಈ ಅನುಕೂಲ ಎಕ್ಸ್‌ರೇಗಿಲ್ಲ. ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ ಸಣ್ಣ ತುಂಡಿನಲ್ಲಿರುವ 21 ಪ್ರೋಟೀನ್‌ಗಳು ಯಾವುದು ಎಲ್ಲಿದೆ ಎಂಬ ನಕಾಶೆಯನ್ನು ಪೀಟರ್ ಮೂರ್ ಮತ್ತು ಡೊನಾಲ್ಡ್ ಎಂಗಲ್‌ಮನ್ ಅವರ ಬಳಗ ಹೀಗೆ ಕಟ್ಟುತ್ತಾ 1987ರಲ್ಲಿ ಮುಗಿಸಿತು. 2009ರಲ್ಲಿ ರೈಬೋಸೋಮ್‌ಗಾಗಿ ನೊಬೆಲ್ ಪಡೆದ ವೆಂಕಟರಾಮನ್ ರಾಮಕೃಷ್ಣನ್ ಆ ಕ್ಷೇತ್ರಕ್ಕೆ ಕಾಲಿಟ್ಟದ್ದು ಮೂರ್ ಅವರ ಜೊತೆ ಯೇಲ್‌ನಲ್ಲಿ, ನ್ಯೂಟ್ರಾನ್ ಚದುರಿಕೆಯ ಮೂಲಕವೇ.

ಹರಳುಗಳಲ್ಲಿ ಇನ್ನೂ ಸೂಕ್ಷ್ಮ. ಒಂದು ಕಿಣ್ವದ ಒಳಗೆ ಜಲಜನಕ ಈ ಪರಮಾಣುವಿಗೆ ಅಂಟಿದೆಯೋ ಪಕ್ಕದ್ದಕ್ಕೋ ಎಂಬುದರ ಮೇಲೆ ಔಷಧ ಅದಕ್ಕೆ ಹೊಂದುತ್ತದೆಯೋ ಇಲ್ಲವೋ ಎಂಬುದು ನಿಂತಿರುತ್ತದೆ. ಕೋವಿಡ್ ವೈರಾಣುವಿನ ಮುಖ್ಯ ಪ್ರೋಟಿಯೇಸ್ ಕಿಣ್ವದಲ್ಲಿ ಜಲಜನಕಗಳ ಜಾಗವನ್ನು 2020ರಲ್ಲಿ ಓಕ್ ರಿಡ್ಜ್‌ನ ವಿಜ್ಞಾನಿಗಳು ನ್ಯೂಟ್ರಾನ್‌ನಿಂದ ನೇರವಾಗಿ ಗುರುತಿಸಿದ್ದು ಇದೇ ಕಾರಣಕ್ಕೆ.

ಬೆಂಗಳೂರಿನ ಪಾಲು

ಕರ್ನಾಟಕದಲ್ಲಿ ನ್ಯೂಟ್ರಾನ್ ಕಿರಣ ಕೊಡುವ ಸಂಶೋಧನಾ ರಿಯಾಕ್ಟರ್ ಇಲ್ಲ. ಆದರೆ ಈ ವಿದ್ಯೆಯ ವಿಚಾರದಲ್ಲಿ ಬೆಂಗಳೂರು ಬರಿಗೈಯಲ್ಲಿ ಕೂತಿರಲಿಲ್ಲ. ಮಲ್ಲೇಶ್ವರದ ಆಚೆಗಿರುವ, ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹರಳುಗಳ ಅಧ್ಯಯನಕ್ಕೆ ಗಟ್ಟಿ ಪರಂಪರೆಯಿತ್ತು. ಸಿ.ವಿ. ರಾಮನ್ ಅವರ ಸೋದರಳಿಯರೂ ಶಿಷ್ಯರೂ ಆದ ಎಸ್. ರಾಮಶೇಷನ್ ಆ ಪರಂಪರೆಯವರು. ಮುಂದೆ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿಯ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ವಸ್ತುವಿಜ್ಞಾನ ವಿಭಾಗ ಕಟ್ಟಿದರು, 1981ರಿಂದ 1984ರವರೆಗೆ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಹರಳಿನಿಂದ ಚದುರಿದ ಕಿರಣಗಳ ತೀವ್ರತೆಯನ್ನು ಅಳೆಯಬಹುದು. ಆದರೆ ಅಲೆಗಳು ಒಂದಕ್ಕೊಂದು ಎಷ್ಟು ಹಿಂದುಮುಂದಾಗಿ ಬಂದವು ಎಂಬ ಮಾಹಿತಿ ಕಳೆದುಹೋಗುತ್ತದೆ. ಅದಿಲ್ಲದೆ ಅಣುವಿನ ರಚನೆ ಸಿಗದು. ದೊಡ್ಡ ಜೈವಿಕ ಅಣುಗಳಲ್ಲಿ ಈ ತೊಡಕು ವಿಪರೀತ. ಕ್ಯಾಡ್ಮಿಯಂ, ಸಮೇರಿಯಂ, ಗಡೋಲಿನಿಯಂನಂಥ ಧಾತುಗಳ ಕೆಲವು ಐಸೋಟೋಪುಗಳು ನಿರ್ದಿಷ್ಟ ವೇಗದ ನ್ಯೂಟ್ರಾನ್‌ಗಳನ್ನು ವಿಪರೀತವಾಗಿ ನುಂಗುತ್ತವೆ. ಆ ವೇಗದ ಆಸುಪಾಸಿನಲ್ಲಿ ಅವುಗಳ ಚದುರಿಸುವ ಗುಣ ತೀವ್ರವಾಗಿ ಬದಲಾಗುತ್ತದೆ, ಎಕ್ಸ್‌ರೇಯಲ್ಲಿ ಕಾಣುವ ಬದಲಾವಣೆಗಿಂತ ಬಹಳ ಹೆಚ್ಚು. ದೊಡ್ಡ ಅಣುವಿಗೆ ಇಂಥ ಒಂದು ಪರಮಾಣುವನ್ನು ಅಂಟಿಸಿ ಬೇರೆ ಬೇರೆ ವೇಗಗಳಲ್ಲಿ, ಅಂದರೆ ಬೇರೆ ಬೇರೆ ತರಂಗದೂರಗಳಲ್ಲಿ ಅಳತೆ ಮಾಡಿದರೆ ಕಳೆದುಹೋದ ಮಾಹಿತಿಯನ್ನು ಮರಳಿ ಪಡೆಯಬಹುದು ಎಂದು ರಾಮಶೇಷನ್ 1966ರಲ್ಲಿ ಬರೆದರು. ಅದು ಅಚ್ಚಾದದ್ದು 1932ರಲ್ಲಿ, ನ್ಯೂಟ್ರಾನ್ ಸಿಕ್ಕ ವರ್ಷವೇ, ಬೆಂಗಳೂರಿನಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. 1968ರಲ್ಲಿ ಎ.ಕೆ. ಸಿಂಗ್ ಅವರೊಂದಿಗೆ ಇದರ ಗಣಿತವನ್ನು ವಿಸ್ತರಿಸಿದರು. 1970ರ ದಶಕದಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನ ಬೆನ್ನೊ ಶೋನ್‌ಬಾರ್ನ್ ಕ್ಯಾಡ್ಮಿಯಂ ಸೇರಿಸಿದ ಮಯೋಗ್ಲೋಬಿನ್ ಹರಳುಗಳಲ್ಲಿ ನ್ಯೂಟ್ರಾನ್‌ನ ಈ ಗುಣವನ್ನು ಬಳಸಿ ನೋಡಿದರು. ಕಿರಣವೇ ಇಲ್ಲದ ಊರಿನಲ್ಲಿ ಹುಟ್ಟಿದ ಯೋಚನೆಗೆ ನಾನು ಕೊಡುವ ಬೆಲೆ ದೊಡ್ಡದು. ಕನ್ನಡದ ವಿಜ್ಞಾನ ಬರಹಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ವಿಜ್ಞಾನ ಸಂಸ್ಥೆಯಲ್ಲೇ ಡಾಕ್ಟರೇಟ್ ಮುಗಿಸಿದ ಆರ್. ಚಿದಂಬರಂ 1962ರಲ್ಲಿ ಮುಂಬೈನ ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರಕ್ಕೆ ಹೋದರು. ಪೋಖರಣ್‌ನ ಅಣುಪರೀಕ್ಷೆಗಳೊಂದಿಗೆ ಅವರನ್ನು ನೆನೆಯುವವರು ಹೆಚ್ಚು. ಆದರೆ ಅವರ ಆರಂಭದ ಕೆಲಸ ಜೀವದ ಇಟ್ಟಿಗೆಗಳ ಮೇಲೆ. ಅಲ್ಲಿನ ಸಿರಸ್ ರಿಯಾಕ್ಟರ್‌ನ ನ್ಯೂಟ್ರಾನ್ ಕಿರಣದಲ್ಲಿ ಅವರ ಗುಂಪು ಅಮೈನೋ ಆಮ್ಲಗಳ ಹರಳುಗಳನ್ನು ಒಂದಾದ ಮೇಲೊಂದು ಇಟ್ಟು, ಜಲಜನಕಗಳ ಖಚಿತ ಸ್ಥಾನಗಳನ್ನೂ ಅವು ಪರಸ್ಪರ ಹಿಡಿದುಕೊಳ್ಳುವ ಜಲಜನಕ ಬಂಧಗಳ ಉದ್ದ, ಬಾಗುಗಳನ್ನೂ ಅಳೆಯಿತು. ಪ್ರೋಟೀನ್‌ಗಳು ಮಡಿಚಿಕೊಳ್ಳುವುದು ಈ ಬಂಧಗಳ ಆಧಾರದ ಮೇಲೆಯೇ.

ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಜಿ.ಎನ್. ರಾಮಚಂದ್ರನ್ 1971ರಲ್ಲಿ ಆರಂಭಿಸಿದ ಅಣುಜೀವಭೌತ ವಿಭಾಗದಲ್ಲಿ ಎಂ. ವಿಜಯನ್ ಪ್ರೋಟೀನ್ ಹರಳುಗಳಲ್ಲಿ ನೀರಿನ ಪಾತ್ರವನ್ನು ದಶಕಗಳ ಕಾಲ ಬೆನ್ನುಹತ್ತಿದರು. ಬಸವನಗುಡಿಯ ಪರಿಷೆಯಲ್ಲಿ ರಾಶಿ ಬೀಳುವ ಕಡಲೆಕಾಯಿಯ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆಯನ್ನು 1994ರಲ್ಲಿ ಪ್ರಕಟಿಸಿದ್ದೂ ಅವರ ಬಳಗವೇ. ಅದು ಎಕ್ಸ್‌ರೇಯ ಕೆಲಸ. ಆದರೆ ಪ್ರೋಟೀನಿನ ಸುತ್ತ ನೀರು ಹೇಗೆ ಕೂತಿರುತ್ತದೆ ಎಂಬ ಅವರ ಪ್ರಶ್ನೆ ನ್ಯೂಟ್ರಾನ್‌ನವರ ಪ್ರಶ್ನೆಯೂ ಹೌದು.

ಟ್ರಾಂಬೆ ಮತ್ತು ಕಲ್ಪಾಕಂ

ನಮ್ಮ ದೇಶದಲ್ಲಿ ರಿಯಾಕ್ಟರ್‌ನ ನ್ಯೂಟ್ರಾನ್‌ಗಳಿಂದ ಸಂಶೋಧನೆ ಶುರುವಾದದ್ದು ಮುಂಬೈನ ಟ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ‘ಅಪ್ಸರಾ’ ಚಾಲನೆಗೊಂಡಾಗ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ರಾಜಾ ರಾಮಣ್ಣ ಆ ಕಾಲದ ತರುಣ ತಂಡದಲ್ಲಿದ್ದರು. ವೇಗದ ನ್ಯೂಟ್ರಾನ್‌ಗಳು ನೀರಿನಂಥ ಮಾಧ್ಯಮದಲ್ಲಿ ಹೇಗೆ ನಿಧಾನವಾಗುತ್ತವೆ ಎಂಬುದು ಅವರ ಆರಂಭದ ಅಧ್ಯಯನಗಳಲ್ಲಿ ಒಂದು. 1960ರಲ್ಲಿ ಬಂದ ಸಿರಸ್ 2010ರ ಕೊನೆಗೆ ನಿಂತಿತು. 1985ರಲ್ಲಿ ಚಾಲನೆಗೊಂಡ 100 ಮೆಗಾವಾಟ್‌ನ ‘ಧ್ರುವ’ ಇಂದಿನ ಮುಖ್ಯ ಆಸರೆ. ಪ್ರೋಟೀನ್ ದ್ರಾವಣಗಳ ಚದುರಿಕೆಯ ಅಧ್ಯಯನಕ್ಕೂ ನ್ಯೂಟ್ರಾನ್ ಚಿತ್ರಣಕ್ಕೂ ಅಲ್ಲಿ ಸೌಕರ್ಯವಿದೆ. ಹಳೆಯ ಅಪ್ಸರಾದ ಜಾಗದಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ಹೆಚ್ಚು ಶಕ್ತಿಯ ‘ಅಪ್ಸರಾ–ಯು’ ಕೆಲಸ ಆರಂಭಿಸಿತು.

ತಮಿಳುನಾಡಿನ ಕಲ್ಪಾಕಂನಲ್ಲಿರುವ ‘ಕಾಮಿನಿ’ ಕೇವಲ 30 ಕಿಲೋವಾಟ್‌ನ ಪುಟ್ಟ ರಿಯಾಕ್ಟರ್. 1996ರಿಂದ ನಡೆಯುತ್ತಿರುವ ಇದರ ಇಂಧನ ಥೋರಿಯಂನಿಂದ ಪಡೆದ ಯುರೇನಿಯಂ–233. ಇಸ್ರೋದ ರಾಕೆಟ್‌ಗಳಲ್ಲಿ ಹಂತಗಳನ್ನು ಬೇರ್ಪಡಿಸುವ ಪುಟ್ಟ ಸಿಡಿಮದ್ದಿನ ಸಾಧನಗಳನ್ನು ಇಲ್ಲಿ ನ್ಯೂಟ್ರಾನ್ ಚಿತ್ರದಿಂದ ಪರೀಕ್ಷಿಸುತ್ತಾರೆ. ಲೋಹದ ಕವಚದೊಳಗೆ ಜಲಜನಕ ತುಂಬಿದ ಮದ್ದು ಸರಿಯಾಗಿ ಕೂತಿದೆಯೇ ಎಂದು ನೋಡಲು ಎಕ್ಸ್‌ರೇಗಿಂತ ಇದೇ ಮೇಲು.

ಮಿತಿಗಳು

ನ್ಯೂಟ್ರಾನ್ ಕಿರಣ ದುರ್ಲಭ. ಪ್ರಪಂಚದಲ್ಲಿ ಒಳ್ಳೆಯ ಮೂಲಗಳು ಬೆರಳೆಣಿಕೆಯಷ್ಟು, ಅದರಲ್ಲೂ ಹಳೆಯವು ಮುಚ್ಚುತ್ತಿವೆ. ಹತ್ತು ಸೆಕೆಂಡಿನ ಬೇರಿನ ಚಿತ್ರ ತೆಗೆದ ಬರ್ಲಿನ್‌ನ ರಿಯಾಕ್ಟರ್ 2019ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಹರಳಿನ ಅಧ್ಯಯನಕ್ಕೆ ಎಕ್ಸ್‌ರೇಗೆ ಬೇಕಾದದ್ದಕ್ಕಿಂತ ಬಹಳ ದೊಡ್ಡ ಹರಳು ಬೇಕು, ಅಳತೆಗೆ ದಿನಗಳೋ ವಾರಗಳೋ ಹಿಡಿಯುತ್ತವೆ. ನೀರು ಹೆಚ್ಚಿರುವ ಮಾದರಿ ಒಂದು ಸೆಂಟಿಮೀಟರಿಗಿಂತ ದಪ್ಪವಾದರೆ ಚಿತ್ರ ಕಪ್ಪು ಮುದ್ದೆಯಾಗುತ್ತದೆ. ಜೇಡಿಮಣ್ಣು ತನ್ನ ರಚನೆಯಲ್ಲೇ ಜಲಜನಕವನ್ನು ಇಟ್ಟುಕೊಂಡಿರುವುದರಿಂದ ಬೇರನ್ನು ಬೇರ್ಪಡಿಸುವುದು ಕಷ್ಟ. ಅದಕ್ಕೇ ಇದುವರೆಗಿನ ಒಳ್ಳೆಯ ಚಿತ್ರಗಳೆಲ್ಲ ಹೆಚ್ಚಾಗಿ ಮರಳು ಮಣ್ಣಿನವು. ಕಿರಣದಲ್ಲಿಟ್ಟ ಮಾದರಿ ಸ್ವಲ್ಪ ಕಾಲ ವಿಕಿರಣಶೀಲವಾಗುತ್ತದೆ, ಅದು ತಣಿಯುವವರೆಗೆ ಮುಟ್ಟುವಂತಿಲ್ಲ. ಪದೇ ಪದೇ ಚಿತ್ರ ತೆಗೆದರೆ ಜೀವಂತ ಗಿಡಕ್ಕೆ ಬೀಳುವ ವಿಕಿರಣದ ಲೆಕ್ಕವನ್ನೂ ಇಡಬೇಕು.

ನಮ್ಮ ಹೊಲಗಳ ಪ್ರಶ್ನೆಗಳು

ರಾಗಿ ಬೆಳೆಯುವುದರಲ್ಲಿ ದೇಶಕ್ಕೇ ಮೊದಲು ನಮ್ಮ ರಾಜ್ಯ. ಕಡಲೆ, ತೊಗರಿ, ಜೋಳ ಎಲ್ಲವೂ ಬಹುಪಾಲು ಮಳೆಯನ್ನೇ ನಂಬಿದ ಬೆಳೆಗಳು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದಾಗ ಬೇರಿನ ಒಳಗುಟ್ಟನ್ನು ನೋಡುವ ಸಾಧನ ಅವರಿಗಿರಲಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಸಂಶೋಧಕರು ಉದ್ದ ಪಿವಿಸಿ ಕೊಳವೆಗಳಲ್ಲಿ ಭತ್ತ ಬೆಳೆಸಿ, ಮಣ್ಣು ತೊಳೆದು ಬೇರಿನ ಉದ್ದ, ತೂಕ ಅಳೆದು ನೀರು ಕಡಿಮೆ ಸಾಕಾಗುವ ತಳಿಗಳನ್ನು ಹುಡುಕಿದರು. ಆ ಶ್ರಮದಿಂದ ಫಲ ಸಿಕ್ಕಿದೆ, ಆದರೆ ಮಣ್ಣು ತೊಳೆದ ಮೇಲೆ ನೀರಿನ ಕಥೆ ಉಳಿಯುವುದಿಲ್ಲ.

ರಾಗಿಯ ಬೇರಿನ ಸುತ್ತ ಲೋಳೆಯ ತೇವದ ಪದರ ಎಷ್ಟು ದಪ್ಪ? ಕೋಲಾರ, ತುಮಕೂರಿನ ಕೆಂಪು ಮರಳು ಮಣ್ಣಿನಲ್ಲಿ ಅದು ಎಷ್ಟು ದಿನ ಉಳಿಯುತ್ತದೆ? ಗದಗ, ಕಲಬುರ್ಗಿಯ ಕಡಲೆ ಹಿಂಗಾರಿನ ಉಳಿತೇವದಲ್ಲಿ ಯಾವ ಆಳದಿಂದ, ಯಾವ ಕವಲಿನಿಂದ ನೀರೆಳೆಯುತ್ತದೆ? ಎರೆಮಣ್ಣಿನಲ್ಲಿ ಇದನ್ನು ನೋಡುವುದು ಕಷ್ಟ, ಕೆಂಪು ಮರಳು ಮಣ್ಣಿನಲ್ಲಿ ಅಷ್ಟು ಕಷ್ಟವಲ್ಲ. ಮೊದಲು ಕೈಹಾಕಬೇಕಾದದ್ದು ಅಲ್ಲಿಗೇ ಎಂಬುದು ನನ್ನ ಅಭಿಪ್ರಾಯ.

ಧ್ರುವದ ಕಿರಣ ಪರಮಾಣು ಇಲಾಖೆಯವರಿಗಷ್ಟೇ ಮೀಸಲಲ್ಲ. ವಿಶ್ವವಿದ್ಯಾಲಯಗಳ ಅಧ್ಯಾಪಕರು, ವಿದ್ಯಾರ್ಥಿಗಳು ಯುಜಿಸಿ–ಡಿಎಇ ಸಂಶೋಧನಾ ಒಕ್ಕೂಟದ ಮುಂಬೈ ಕೇಂದ್ರದ ಮೂಲಕ ಯೋಜನೆ ಬರೆದು ಕಿರಣದ ಸಮಯ ಕೇಳಬಹುದು. ಬೆಂಗಳೂರು, ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬೇರನ್ನು ಬಲ್ಲವರಿದ್ದಾರೆ, ವಿಜ್ಞಾನ ಸಂಸ್ಥೆಯಲ್ಲಿ ಚದುರಿಕೆಯನ್ನು ಬಲ್ಲವರಿದ್ದಾರೆ. ಇಬ್ಬರೂ ಒಂದು ಮೇಜಿನ ಸುತ್ತ ಕೂತು, ತೆಳು ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ರಾಗಿ ಬಿತ್ತಿ, ಟ್ರಾಂಬೆಗೆ ಅರ್ಜಿ ಹಾಕಲಿ. ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ, ನಿಮ್ಮ ಮಾರ್ಗದರ್ಶಕರ ಮುಂದೆ ಈ ಪ್ರಶ್ನೆಗಳನ್ನು ಇಡಿ.